ಲಾಸ್ಲೊ ಪಾಪ್‌ಗೆ ಸಿಗದ ಹದಿನೈದು ಸುತ್ತು

ಯುರೋಪು ಕಂಡ ಅತಿ ದೊಡ್ಡ ಬಾಕ್ಸರ್ ಯಾರು ಎಂಬ ಮಾತು ಎದ್ದರೆ, ಮೊದಲ ತಕರಾರು ಹುಟ್ಟುವುದೇ ಯುರೋಪಿನವನೆಂದು ಯಾರನ್ನು ಕರೆಯಬೇಕು ಎಂಬುದರ ಮೇಲೆ. ಬಾಬ್ ಫಿಟ್ಸಿಮನ್ಸ್ ಹುಟ್ಟಿದ್ದು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ, ಕುಲುಮೆಯ ಕೆಲಸದಲ್ಲಿ ತೋಳು ಗಟ್ಟಿಮಾಡಿಕೊಂಡದ್ದು ನ್ಯೂಜಿಲೆಂಡಿನಲ್ಲಿ, ಮಿಡ್ಲ್‌ವೇಟ್, ಹೆವಿವೇಟ್, ಲೈಟ್ ಹೆವಿವೇಟ್ ಮೂರೂ ವಿಶ್ವಪಟ್ಟಗಳನ್ನು ಗೆದ್ದದ್ದು ಅಮೆರಿಕದಲ್ಲಿ. ಮಾರ್ಸೆಲ್ ಸೆರ್ದಾನ್ ಫ್ರೆಂಚರ ಕಣ್ಮಣಿ, ಆದರೆ ಹುಟ್ಟೂರು ಅಲ್ಜೀರಿಯಾದ ಸಿದಿ ಬೆಲ್ ಅಬ್ಬೆಸ್, ಬೆಳೆದ ಊರು ಕಾಸಾಬ್ಲಾಂಕಾ. ಲೆನಾಕ್ಸ್ ಲೂಯಿಸ್ ಲಂಡನ್ನಿನಲ್ಲಿ ಹುಟ್ಟಿ, ಕೆನಡಾಕ್ಕೆ ಒಲಿಂಪಿಕ್ ಚಿನ್ನ ತಂದುಕೊಟ್ಟು, ಆಮೇಲೆ ಬ್ರಿಟನ್ನಿನ ಬಾವುಟ ಹಿಡಿದು ಹೆವಿವೇಟ್ ಪಟ್ಟವೇರಿದ. ಜನ್ಮಪತ್ರ ನೋಡಿ ಪಟ್ಟಿ ಮಾಡುವವರಿಗೆ ಇವರೆಲ್ಲ ತಲೆನೋವು.

ಎರಡನೆಯ ತಕರಾರು ಇದಕ್ಕಿಂತ ಗಟ್ಟಿಯಾದದ್ದು. ಅಳೆಯುವ ಕೋಲು ಯಾರ ಕೈಯಲ್ಲಿತ್ತು? ಬಾಕ್ಸಿಂಗಿಗೆ ನಿಯಮ ಬರೆದವರು ಇಂಗ್ಲೆಂಡಿನವರು. 1743ರಲ್ಲಿ ಜ್ಯಾಕ್ ಬ್ರಾಟನ್ ಒಂದು ಕಟ್ಟಳೆ ಮಾಡಿದ, 1867ರಲ್ಲಿ ಕ್ವೀನ್ಸ್‌ಬರಿಯ ಮಾರ್ಕ್ವಿಸ್‌ನ ಹೆಸರಿನಲ್ಲಿ ಗ್ಲೌಸ್ ತೊಟ್ಟು ಆಡುವ ನಿಯಮಗಳು ಬಂದವು. ಆದರೆ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ದುಡ್ಡು, ಪ್ರೇಕ್ಷಕರು, ಪತ್ರಿಕೆಯವರು ಎಲ್ಲರೂ ಅಟ್ಲಾಂಟಿಕ್ ಆಚೆ ಬೀಡುಬಿಟ್ಟಾಗಿತ್ತು. ಅಲ್ಲಿಂದ ಮುಂದೆ ಯುರೋಪಿನ ಬಾಕ್ಸರ್ ದೊಡ್ಡವನೆನಿಸಿಕೊಳ್ಳಬೇಕಾದರೆ ಹಡಗು ಹತ್ತಲೇಬೇಕಾಯಿತು. ಇಂದು ಯಾರೇ ಪಟ್ಟಿ ಮಾಡಲಿ, ಮೇಲಿನ ಸಾಲಿನ ಹೆಸರುಗಳಲ್ಲಿ ಹೆಚ್ಚಿನವರ ಬದುಕಿನಲ್ಲಿ ಜರ್ಸಿ ಸಿಟಿಯದೋ ಯಾಂಕೀ ಸ್ಟೇಡಿಯಮ್ಮಿನದೋ ಒಂದು ರಾತ್ರಿ ಇದ್ದೇ ಇರುತ್ತದೆ. ಹಾಗಾದರೆ ಹಡಗು ಹತ್ತಲು ಹೊರಟವನನ್ನು ಅವನ ಸರ್ಕಾರವೇ ಹಿಡಿದು ನಿಲ್ಲಿಸಿದರೆ ಅವನನ್ನು ಯಾವ ಸ್ಥಾನದಲ್ಲಿ ಕೂರಿಸುವುದು? ಹಂಗೇರಿಯ ಲಾಸ್ಲೊ ಪಾಪ್ ಈ ಪ್ರಶ್ನೆಯನ್ನು ಬಿಟ್ಟುಹೋಗಿದ್ದಾನೆ. ಅವನ ಕಥೆಗೆ ಬರುವ ಮುನ್ನ ಹಡಗು ಹತ್ತಿದವರ ಪಾಡೇನಾಯಿತು ನೋಡೋಣ.

1921ರ ಜುಲೈ 2ರಂದು ಜರ್ಸಿ ಸಿಟಿಯಲ್ಲಿ, ಆ ಒಂದು ಪಂದ್ಯಕ್ಕೆಂದೇ ಮರದ ಹಲಗೆ ಹೊಡೆದು ಕಟ್ಟಿದ ಬಯಲು ರಂಗದಲ್ಲಿ, ಸುಮಾರು 80,000 ಜನ ಸೇರಿದ್ದರು. ಒಂದು ಮೂಲೆಯಲ್ಲಿ ಹೆವಿವೇಟ್ ವಿಶ್ವ ಚಾಂಪಿಯನ್ ಜ್ಯಾಕ್ ಡೆಂಪ್ಸಿ. ಇನ್ನೊಂದರಲ್ಲಿ ಫ್ರಾನ್ಸಿನ ಜಾರ್ಜ್ ಕಾರ್ಪಾಂತಿಯೆ. ಉತ್ತರ ಫ್ರಾನ್ಸಿನ ಕಲ್ಲಿದ್ದಲ ಸೀಮೆಯ ಗಣಿ ಕಾರ್ಮಿಕನ ಮಗ, ಮಹಾಯುದ್ಧದಲ್ಲಿ ವಿಮಾನ ಹಾರಿಸಿ ಪದಕ ಪಡೆದವನು, ನೋಡಲು ಸಿನಿಮಾ ನಾಯಕನಂಥವನು. ಹುಡುಗನಾಗಿದ್ದಾಗ ಫ್ಲೈವೇಟ್‌ನಿಂದ ಶುರುಮಾಡಿ ಒಂದೊಂದೇ ತೂಕ ಏರುತ್ತ ಹೆವಿವೇಟ್‌ವರೆಗೆ ಬಂದಿದ್ದ. ಹಿಂದಿನ ವರ್ಷವಷ್ಟೇ ಇದೇ ಊರಿನಲ್ಲಿ ಬ್ಯಾಟ್ಲಿಂಗ್ ಲೆವಿನ್ಸ್ಕಿಯನ್ನು ಮಲಗಿಸಿ ಲೈಟ್ ಹೆವಿವೇಟ್ ಪಟ್ಟ ಕಿತ್ತುಕೊಂಡಿದ್ದ. ಡೆಂಪ್ಸಿ ಅವನಿಗಿಂತ ಏಳೆಂಟು ಕೆಜಿ ಭಾರ. ಎರಡನೆಯ ಸುತ್ತಿನಲ್ಲಿ ಕಾರ್ಪಾಂತಿಯೆ ಬಲಗೈಯಿಂದ ಹೊಡೆದ ಪೆಟ್ಟಿಗೆ ಡೆಂಪ್ಸಿ ಒಂದು ಗಳಿಗೆ ತತ್ತರಿಸಿದ್ದೂ ನಿಜ, ಅದೇ ಹೊಡೆತಕ್ಕೆ ಕಾರ್ಪಾಂತಿಯೆಯ ಹೆಬ್ಬೆರಳು ಮುರಿದದ್ದೂ ನಿಜ. ನಾಲ್ಕನೆಯ ಸುತ್ತಿನಲ್ಲಿ ಕಥೆ ಮುಗಿಯಿತು. ಟಿಕೆಟ್ ಹಣ 17 ಲಕ್ಷ ಡಾಲರ್ ದಾಟಿತ್ತು. ಒಂದು ಬಾಕ್ಸಿಂಗ್ ಪಂದ್ಯ ಹತ್ತು ಲಕ್ಷ ಡಾಲರ್ ಮೀರಿದ್ದು ಅದೇ ಮೊದಲು. ಆಯೋಜಕ ಟೆಕ್ಸ್ ರಿಕರ್ಡ್‌ಗೆ ಕಾರ್ಪಾಂತಿಯೆ ಗೆಲ್ಲುತ್ತಾನೆಂಬ ಭ್ರಮೆ ಇದ್ದಂತೆ ಕಾಣುವುದಿಲ್ಲ. ಅವನಿಗೆ ಬೇಕಿದ್ದದ್ದು ಜನ ದುಡ್ಡು ಕೊಟ್ಟು ನೋಡಲು ಬರುವ ಒಬ್ಬ ಯುರೋಪಿಯನ್.

ಆ ಕಾರ್ಪಾಂತಿಯೆ ಮರುವರ್ಷ ಪ್ಯಾರಿಸಿನಲ್ಲಿ, ತನ್ನವರ ಕಣ್ಣೆದುರೇ ಸೋತ. ಸೋಲಿಸಿದವನು ಬ್ಯಾಟ್ಲಿಂಗ್ ಸಿಕಿ. ಸೆನೆಗಲ್‌ನ ಸೇಂಟ್ ಲೂಯಿಯಲ್ಲಿ ಹುಟ್ಟಿ, ಫ್ರೆಂಚ್ ಸೈನ್ಯದಲ್ಲಿ ಹೋರಾಡಿ ಶೌರ್ಯಪದಕ ಪಡೆದವನು. 1922ರ ಸೆಪ್ಟೆಂಬರ್ 24ರಂದು ಆರನೆಯ ಸುತ್ತಿನಲ್ಲಿ ಕಾರ್ಪಾಂತಿಯೆ ಉರುಳಿಬಿದ್ದಾಗ, ಸಿಕಿ ಕಾಲು ಕೊಟ್ಟು ಬೀಳಿಸಿದನೆಂದು ರೆಫರಿ ಅವನನ್ನೇ ಅನರ್ಹಗೊಳಿಸಿದ. ಜನ ಸುಮ್ಮನೆ ಕೂರಲಿಲ್ಲ, ಆ ಗದ್ದಲದ ನಡುವೆ ತೀರ್ಪುಗಾರರು ರೆಫರಿಯ ಮಾತು ತಳ್ಳಿಹಾಕಿ ಸಿಕಿಯ ಕೈ ಎತ್ತಿದರು. ಆಫ್ರಿಕಾದಲ್ಲಿ ಹುಟ್ಟಿದ ಕಪ್ಪು ಜನರಲ್ಲಿ ಬಾಕ್ಸಿಂಗ್ ವಿಶ್ವ ಚಾಂಪಿಯನ್ ಆದವರಲ್ಲಿ ಅವನೇ ಮೊದಲಿಗ. ಲಂಡನ್ನಿನಲ್ಲಿ ಅವನ ಪಂದ್ಯಕ್ಕೆ ಬ್ರಿಟಿಷ್ ಗೃಹ ಇಲಾಖೆ ತಡೆಯೊಡ್ಡಿತು. ಕೊನೆಗೆ 1923ರ ಮಾರ್ಚ್ 17ರಂದು, ಸೇಂಟ್ ಪ್ಯಾಟ್ರಿಕ್ಸ್ ದಿನದಂದೇ, ಅಂತರ್ಯುದ್ಧ ನಡೆಯುತ್ತಿದ್ದ ಡಬ್ಲಿನ್ನಿನಲ್ಲಿ, ಐರ್ಲೆಂಡಿನವನೇ ಆದ ಮೈಕ್ ಮ್ಯಾಕ್‌ಟೀಗ್ ಎದುರು 20 ಸುತ್ತು ಆಡಿ ಪಾಯಿಂಟುಗಳ ಮೇಲೆ ಪಟ್ಟ ಕಳೆದುಕೊಂಡ. ಐರಿಷ್ ಹಬ್ಬದ ದಿನ ಐರಿಷ್ ಊರಿನಲ್ಲಿ ಐರಿಷ್ ಬಾಕ್ಸರ್‌ನೊಂದಿಗೆ ಆಡಲು ಒಪ್ಪಿದವನಿಗೆ ಲೋಕಜ್ಞಾನ ಕಡಿಮೆ ಎಂದು ಆಮೇಲೆ ನಕ್ಕವರು ಬಹಳ. ಬೇರೆಡೆ ಬಾಗಿಲು ಮುಚ್ಚಿದ್ದು ಅವರಿಗೆ ಮರೆತಿತ್ತು. ಯುರೋಪಿನ ಶ್ರೇಷ್ಠರ ಪಟ್ಟಿಗಳಲ್ಲಿ ಕಾರ್ಪಾಂತಿಯೆ ಸದಾ ಇರುತ್ತಾನೆ, ಅವನನ್ನು ಮಲಗಿಸಿದ ಸಿಕಿಯ ಹೆಸರು ಅಪರೂಪಕ್ಕೆ ಸಿಗುತ್ತದೆ.

ಅದೇ 1923ರಲ್ಲಿ ವೇಲ್ಸಿನ ಜಿಮ್ಮಿ ವೈಲ್ಡ್ ಕೂಡ ನ್ಯೂಯಾರ್ಕಿನಲ್ಲಿ ಸೋತ, ಫಿಲಿಪ್ಪೀನ್ಸಿನ ಪಾಂಚೋ ವಿಲ್ಲಾನ ಕೈಯಲ್ಲಿ. ಆಗ ವೈಲ್ಡ್‌ಗೆ ವಯಸ್ಸಾಗಿತ್ತು, ಎರಡು ವರ್ಷದಿಂದ ರಿಂಗಿಗೇ ಇಳಿದಿರಲಿಲ್ಲ. ಅದಕ್ಕೂ ಮುಂಚಿನ ಹತ್ತು ವರ್ಷಗಳ ವೈಲ್ಡ್‌ನನ್ನು ನೋಡಬೇಕು. ರೋಂಡ ಕಣಿವೆಯ ಗಣಿಗಳಲ್ಲಿ ಹುಡುಗನಾಗಿದ್ದಾಗಲೇ ದುಡಿದವನು. ಫ್ಲೈವೇಟ್ ಮಿತಿ 51 ಕೆಜಿ, ಅವನು ಬಹುಪಾಲು ದಿನ ಅದನ್ನೂ ಮುಟ್ಟುತ್ತಿರಲಿಲ್ಲ. ಜಾತ್ರೆಯ ಡೇರೆಗಳಲ್ಲಿ ತನಗಿಂತ ಎಷ್ಟೋ ಭಾರದ ಗಂಡಸರನ್ನು ಒಬ್ಬರ ಹಿಂದೆ ಒಬ್ಬರಂತೆ ಕೆಡವುತ್ತಿದ್ದ. ಕೈ ಸೊಂಟದ ಮಟ್ಟದಲ್ಲಿ ಇಳಿಬಿಟ್ಟು, ಎದುರಾಳಿಯ ಹೊಡೆತ ಗಾಳಿಗೆ ಹೋಗುವಂತೆ ಸರಿದು, ಎಲ್ಲಿಂದಲೋ ಬರುವ ಪೆಟ್ಟು ಅವನದು. 1916ರಿಂದ 1923ರವರೆಗೆ ವಿಶ್ವ ಚಾಂಪಿಯನ್. ನೂರಕ್ಕೂ ಮಿಕ್ಕ ಪಂದ್ಯಗಳಲ್ಲಿ ಸೋಲು ಬೆರಳೆಣಿಕೆಯಷ್ಟು. ನನ್ನ ಪಟ್ಟಿಯ ಮೊದಲ ಹೆಸರು ಇವನದೇ, ಅದರಲ್ಲಿ ನನಗೆ ಅನುಮಾನವಿಲ್ಲ.

ಮ್ಯಾಕ್ಸ್ ಶ್ಮೆಲಿಂಗ್ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. 1936ರಲ್ಲಿ ಯಾಂಕೀ ಸ್ಟೇಡಿಯಮ್ಮಿನಲ್ಲಿ ಜೋ ಲೂಯಿಸ್‌ನನ್ನು 12ನೆಯ ಸುತ್ತಿನಲ್ಲಿ ಕೆಡವಿದ, ಎರಡು ವರ್ಷದ ಬಳಿಕ ಅದೇ ಜಾಗದಲ್ಲಿ ಎರಡು ನಿಮಿಷ ಚಿಲ್ಲರೆಯಲ್ಲಿ ಲೂಯಿಸ್ ಸೇಡು ತೀರಿಸಿಕೊಂಡ. ನಾಜಿಗಳು ಶ್ಮೆಲಿಂಗ್‌ನನ್ನು ತಮ್ಮ ಜಾಹೀರಾತು ಮಾಡಿಕೊಂಡರು. ಅವನ ಮ್ಯಾನೇಜರ್ ಜೋ ಜೇಕಬ್ಸ್ ಯಹೂದಿ. 1938ರ ನವೆಂಬರಿನಲ್ಲಿ ಯಹೂದಿಗಳ ಮೇಲೆ ನಡೆದ ದೊಂಬಿಯಲ್ಲಿ ಶ್ಮೆಲಿಂಗ್ ಬರ್ಲಿನ್ನಿನ ತನ್ನ ಹೋಟೆಲ್ ಕೋಣೆಯಲ್ಲಿ ಇಬ್ಬರು ಯಹೂದಿ ಹುಡುಗರನ್ನು ಬಚ್ಚಿಟ್ಟಿದ್ದನೆಂಬುದು ಹೊರಬಿದ್ದದ್ದು ಐವತ್ತು ವರ್ಷಗಳ ನಂತರ.

ಸೆರ್ದಾನ್ ಬಳಿ ಮಾತ್ರ ನಿಲ್ಲಲೇಬೇಕು. ಯುದ್ಧ ಅವನ ಒಳ್ಳೆಯ ವರ್ಷಗಳನ್ನು ನುಂಗಿತ್ತು. 1946ರ ಡಿಸೆಂಬರಿನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಬಂದು ಜಾರ್ಜಿ ಏಬ್ರಮ್ಸ್‌ನನ್ನು ಸೋಲಿಸುವಾಗ ಅವನಿಗೆ ಮೂವತ್ತು ದಾಟಿತ್ತು. 1948ರ ಸೆಪ್ಟೆಂಬರ್ 21ರಂದು, ಮತ್ತೆ ಅದೇ ಜರ್ಸಿ ಸಿಟಿಯಲ್ಲಿ, ಮಿಡ್ಲ್‌ವೇಟ್ ವಿಶ್ವ ಚಾಂಪಿಯನ್ ಟೋನಿ ಝೇಲ್ ಎದುರಾದ. ಉಕ್ಕಿನ ಊರಿನ ಉಕ್ಕಿನ ಮನುಷ್ಯನೆಂದು ಹೆಸರಾದವನು. ಸೆರ್ದಾನ್ ಅವನಿಗೆ ಉಸಿರಾಡಲು ಬಿಡಲಿಲ್ಲ. ಹೊಟ್ಟೆಗೆ, ಪಕ್ಕೆಗೆ, ಗದ್ದಕ್ಕೆ ಎರಡೂ ಕೈ ಓಡುತ್ತಿದ್ದವು. ಹನ್ನೊಂದನೆಯ ಸುತ್ತು ಮುಗಿಯುವ ಹೊತ್ತಿಗೆ ಎಡಗೈ ಹುಕ್ ಒಂದು ತಾಗಿ ಝೇಲ್ ಹಗ್ಗದ ಬಳಿ ಕುಸಿದ, ಹನ್ನೆರಡನೆಯದಕ್ಕೆ ಏಳಲಿಲ್ಲ.

ಪಟ್ಟ ಒಂದು ವರ್ಷವೂ ನಿಲ್ಲಲಿಲ್ಲ. 1949ರ ಜೂನಿನಲ್ಲಿ ಡೆಟ್ರಾಯಿಟ್‌ನಲ್ಲಿ ಜೇಕ್ ಲಮೋಟಾ ಮೊದಲ ಸುತ್ತಿನಲ್ಲೇ ಅವನನ್ನು ಎತ್ತಿ ಒಗೆದಂತೆ ಕೆಳಕ್ಕೆ ತಳ್ಳಿದ, ಎಡ ಭುಜ ಕೈಕೊಟ್ಟಿತು. ಒಂದೇ ಕೈಯಲ್ಲಿ ಒಂಬತ್ತು ಸುತ್ತು ಆಡಿ ಸೆರ್ದಾನ್ ಕೂತ. ಮರುಪಂದ್ಯ ಗೊತ್ತಾಯಿತು. ಹಡಗಿನಲ್ಲಿ ಹೋಗಬೇಕೆಂದಿದ್ದವನು, ನ್ಯೂಯಾರ್ಕಿನಲ್ಲಿ ಹಾಡುತ್ತಿದ್ದ ಪ್ರೇಯಸಿ ಎದಿತ್ ಪಿಯಾಫ್ ಬೇಗ ಬಾ ಎಂದಳೆಂದು ವಿಮಾನ ಹತ್ತಿದ ಎಂದು ಹೇಳುತ್ತಾರೆ. ಅಕ್ಟೋಬರ್ 28ರ ಬೆಳಗಿನ ಜಾವ ಏರ್ ಫ್ರಾನ್ಸ್‌ನ ಆ ಕಾನ್‌ಸ್ಟೆಲೇಷನ್ ವಿಮಾನ ಅಝೋರ್ಸ್ ದ್ವೀಪಗಳ ಒಂದು ಬೆಟ್ಟಕ್ಕೆ ಬಡಿಯಿತು. ವಿಮಾನದಲ್ಲಿದ್ದ 48 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಪಿಟೀಲು ವಾದಕಿ ಜಿನೆತ್ ನೆವೊ ಅದೇ ವಿಮಾನದಲ್ಲಿದ್ದಳು. ನೂರಕ್ಕೂ ಹೆಚ್ಚು ಗೆಲುವು, ನಾಲ್ಕೇ ಸೋಲು, ಅದರಲ್ಲೂ ಎರಡು ಅನರ್ಹತೆಯಿಂದ ಬಂದವು. ಸೆರ್ದಾನ್ ಲೆಕ್ಕ ಅಲ್ಲಿಗೆ ಮುಗಿಯಿತು.

ಇವರೆಲ್ಲ ಗೆದ್ದರು, ಸೋತರು, ಮುರಿದರು, ಸತ್ತರು. ಆದರೆ ಅಳತೆಗೆ ನಿಂತಿದ್ದರು. 1945ರ ಬಳಿಕ ಅರ್ಧ ಯುರೋಪಿಗೆ ಆ ಅವಕಾಶವೇ ಇಲ್ಲವಾಯಿತು. ಸೋವಿಯತ್ ಒಕ್ಕೂಟ, ಪೋಲೆಂಡ್, ಹಂಗೇರಿ, ಪೂರ್ವ ಜರ್ಮನಿಯ ಬಾಕ್ಸರ್‌ಗಳು ಕಾಗದದ ಮೇಲೆ ಸೈನಿಕರು, ರೈಲ್ವೆ ನೌಕರರು, ಕಾರ್ಖಾನೆಯ ಕೆಲಸಗಾರರು. ದಿನವಿಡೀ ಮಾಡುತ್ತಿದ್ದದ್ದು ತಾಲೀಮು, ಸಂಬಳ ಕೊಡುತ್ತಿದ್ದದ್ದು ಸರ್ಕಾರ, ಹೆಸರು ಮಾತ್ರ ಹವ್ಯಾಸಿ. ದುಡ್ಡಿಗಾಗಿ ಆಡುವುದು ಬಂಡವಾಳಶಾಹಿಗಳ ಚಟ ಎಂಬುದು ಸಿದ್ಧಾಂತ. ಹವ್ಯಾಸಿ ಪಂದ್ಯವೆಂದರೆ ಮೂರು ಮೂರು ನಿಮಿಷದ ಮೂರೇ ಸುತ್ತು, ಒಟ್ಟು ಒಂಬತ್ತು ನಿಮಿಷ. ಅಂದಿನ ವೃತ್ತಿಪರ ವಿಶ್ವಪಟ್ಟದ ಪಂದ್ಯ 15 ಸುತ್ತು, ಮುಕ್ಕಾಲು ಗಂಟೆ. ಒಂಬತ್ತು ನಿಮಿಷದಲ್ಲಿ ವೇಗ, ಲೆಕ್ಕಾಚಾರ ತಿಳಿಯುತ್ತದೆ. ಹನ್ನೆರಡನೆಯ ಸುತ್ತಿನಲ್ಲಿ ಕಾಲು ಸೀಸವಾದಾಗ ಮನುಷ್ಯ ಏನು ಮಾಡುತ್ತಾನೆ ಎಂಬುದು ತಿಳಿಯುವುದಿಲ್ಲ. ಪೋಲೆಂಡಿನ ಯೆರ್ಝಿ ಕುಲೆಯ್, ರಷ್ಯದ ಬೋರಿಸ್ ಲಗುತಿನ್ 1964ರಲ್ಲೂ 1968ರಲ್ಲೂ ಚಿನ್ನ ಗೆದ್ದರು, ಮನೆಗೆ ಹೋದರು. ಹದಿನೈದು ಸುತ್ತಿನಲ್ಲಿ ಅವರು ಏನಾಗುತ್ತಿದ್ದರೋ ಯಾರಿಗೂ ಗೊತ್ತಿಲ್ಲ.

ಪಾಪ್ ಹುಟ್ಟಿದ್ದು 1926ರಲ್ಲಿ, ಬುಡಾಪೆಸ್ಟ್‌ನಲ್ಲಿ. ಮಿಡ್ಲ್‌ವೇಟ್‌ಗೆ ಕುಳ್ಳ ಎನ್ನಬೇಕು, ಐದೂವರೆ ಅಡಿಯ ಆಸುಪಾಸು. ಎಡಚ. ಬಲಗೈ ಮುಂದಿಟ್ಟು, ಎದುರಾಳಿಯನ್ನು ತನ್ನ ಎಡಕ್ಕೆ ಬರುವಂತೆ ನಿಧಾನಕ್ಕೆ ತಿರುಗಿಸಿಕೊಂಡು, ಆಮೇಲೆ ಒಂದೇ ಒಂದು ಎಡಗೈ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನದೇ ಜಾನ್ ರೈಟ್‌ನನ್ನು ಫೈನಲ್ಲಿನಲ್ಲಿ ಸೋಲಿಸಿ ಮಿಡ್ಲ್‌ವೇಟ್ ಚಿನ್ನ. 1952ರ ಹೆಲ್ಸಿಂಕಿಯಲ್ಲಿ ಒಂದು ತೂಕ ಇಳಿದು ಲೈಟ್ ಮಿಡ್ಲ್‌ವೇಟ್‌ನಲ್ಲಿ ದಕ್ಷಿಣ ಆಫ್ರಿಕಾದ ವ್ಯಾನ್ ಸ್ಕಾಲ್ಕ್‌ವಿಕ್ ಎದುರು ಎರಡನೆಯ ಚಿನ್ನ. ಅಷ್ಟರ ನಡುವೆ ಯುರೋಪಿಯನ್ ಹವ್ಯಾಸಿ ಪಟ್ಟ ಎರಡು ಸಲ. ಸೆರ್ದಾನ್ ಝೇಲ್‌ನನ್ನು ಕೆಡವಿದ್ದೂ ಪಾಪ್ ಮೊದಲ ಚಿನ್ನ ಗೆದ್ದದ್ದೂ ಒಂದೇ ವರ್ಷ, ಒಂದೇ ತೂಕದಲ್ಲಿ. ಹಂಗೇರಿ ಬೇರೆ ದೇಶವಾಗಿದ್ದರೆ ಇಬ್ಬರೂ ಎಂದೋ ಎದುರುಬದುರಾಗುತ್ತಿದ್ದರು.

ಮೂರನೆಯ ಚಿನ್ನದ ಹಿನ್ನೆಲೆ ಬೇರೆಯೇ. 1956ರ ಅಕ್ಟೋಬರ್ 23ರಂದು ಬುಡಾಪೆಸ್ಟ್‌ನಲ್ಲಿ ಜನ ದಂಗೆಯೆದ್ದರು. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ಊರಿಗೆ ನುಗ್ಗಿದವು. ನವೆಂಬರ್ 22ಕ್ಕೆ ಮೆಲ್ಬರ್ನ್ ಒಲಿಂಪಿಕ್ಸ್ ಶುರು. ಸೋವಿಯತ್ ದಾಳಿಯನ್ನು ಖಂಡಿಸಿ ಸ್ಪೇನ್, ನೆದರ್‌ಲೆಂಡ್ಸ್, ಸ್ವಿಟ್ಜರ್ಲೆಂಡ್ ಕ್ರೀಡಾಕೂಟಕ್ಕೇ ಬರಲಿಲ್ಲ. ಹಂಗೇರಿಯ ಆಟಗಾರರು ಮಾತ್ರ ಬಂದಿದ್ದರು. ಹಂಗೇರಿ–ಸೋವಿಯತ್ ವಾಟರ್ ಪೋಲೊ ಪಂದ್ಯದಲ್ಲಿ ಆಟಗಾರನೊಬ್ಬನ ಹುಬ್ಬಿನ ಬಳಿ ಒಡೆದು ರಕ್ತ ಸುರಿದದ್ದು ಜಗತ್ತಿಗೆಲ್ಲ ಗೊತ್ತು. ಬಾಕ್ಸಿಂಗ್ ರಿಂಗಿನಲ್ಲಿ ಮೂವತ್ತರ ಪಾಪ್ ಸೆಮಿಫೈನಲ್ಲಿನಲ್ಲಿ ಪೋಲೆಂಡಿನ ಝ್ಬಿಗ್ನಿಯೆವ್ ಪಿಯೆತ್ಶಿಕೋವ್ಸ್ಕಿಯನ್ನು ಸೋಲಿಸಿದ. ನಾಲ್ಕು ವರ್ಷದ ಮೇಲೆ ರೋಮ್ ಫೈನಲ್ಲಿನಲ್ಲಿ ಕ್ಯಾಶಿಯಸ್ ಕ್ಲೇ ಎಂಬ ಹದಿನೆಂಟರ ಹುಡುಗನಿಗೆ ಸೋತವನು ಇದೇ ಪಿಯೆತ್ಶಿಕೋವ್ಸ್ಕಿ. ಮೆಲ್ಬರ್ನ್ ಫೈನಲ್ಲಿನಲ್ಲಿ ಪಾಪ್‌ಗೆ ಎದುರಾದವನು ಅಮೆರಿಕದ ಪರ ಆಡಿದ ಪೋರ್ಟೊರಿಕೊದ ಹೊಸೆ ಟೊರೆಸ್, ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವನು. ಪಾಪ್ ಪಾಯಿಂಟುಗಳ ಮೇಲೆ ಗೆದ್ದ. ಮೂರು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಮೊದಲ ಬಾಕ್ಸರ್ ಅವನು. ಆಮೇಲೆ ಕ್ಯೂಬಾದ ತಿಯೊಫಿಲೊ ಸ್ಟೀವನ್ಸನ್, ಫೆಲಿಕ್ಸ್ ಸವೋನ್ ಅವನನ್ನು ಸರಿಗಟ್ಟಿದರು, ದಾಟಲಿಲ್ಲ.

ಮೆಲ್ಬರ್ನ್‌ಗೆ ಬಂದ ಹಂಗೇರಿಯವರಲ್ಲಿ ಹಲವರು ಊರಿಗೆ ಮರಳದೆ ಪಶ್ಚಿಮದಲ್ಲೇ ಉಳಿದರು. ಪಾಪ್ ಮರಳಿದ. ಮರುವರ್ಷ ಕಮ್ಯುನಿಸ್ಟ್ ಸರ್ಕಾರ ಅವನಿಗೆ ವೃತ್ತಿಪರನಾಗಲು ಅಪ್ಪಣೆ ಕೊಟ್ಟಿತು. ಸೋವಿಯತ್ ಬಣದಲ್ಲಿ ಅಂಥ ಅಪ್ಪಣೆ ಪಡೆದವರಲ್ಲಿ ಅವನೇ ಮೊದಲಿಗ. ರಕ್ತದಲ್ಲಿ ಅದ್ದಿದ ಕೈಗಳಿಂದ ಆಳ್ವಿಕೆ ಶುರುಮಾಡಿದವರಿಗೆ ಜನ ಮೆಚ್ಚುವ ಒಂದು ಕೆಲಸ ಬೇಕಿತ್ತೇನೋ ಎಂಬುದು ನನ್ನ ಊಹೆ. ಹಿಂದಿರುಗಿ ಬಂದವನಿಗೆ ಕೊಟ್ಟ ಇನಾಮು ಎಂದೂ ಅನ್ನಬಹುದು. ಷರತ್ತಿನ ಇನಾಮು. ಹಂಗೇರಿಯೊಳಗೆ ವೃತ್ತಿಪರ ಬಾಕ್ಸಿಂಗ್‌ಗೆ ಎಡೆಯಿರಲಿಲ್ಲವಾದ್ದರಿಂದ ತಾಲೀಮು ಗಡಿಯಾಚೆ ವಿಯೆನ್ನಾದಲ್ಲಿ. ತಮ್ಮ ಬಾಕ್ಸರ್ ದುಡ್ಡಿಗಾಗಿ ಆಡುವುದನ್ನು ಬುಡಾಪೆಸ್ಟ್‌ನ ಜನ ಕಣ್ಣಾರೆ ನೋಡುವಂತಿರಲಿಲ್ಲ.

ವೃತ್ತಿಪರ ಬಾಕ್ಸಿಂಗ್‌ಗೆ ಮೂವತ್ತೊಂದು ಎಂದರೆ ಬಹುತೇಕರು ಅಂಗಡಿ ಮುಚ್ಚುವ ವಯಸ್ಸು. ಅದರ ಮೇಲೆ ಅವನ ಕೈಮೂಳೆಗಳು ಬೇಗ ಪೆಟ್ಟಾಗುವಂಥವು. ಒಂಬತ್ತು ನಿಮಿಷಕ್ಕೆ ಪಳಗಿದ ಮೈಯನ್ನು ಅರ್ಧ ಗಂಟೆ, ಮುಕ್ಕಾಲು ಗಂಟೆಯ ಆಟಕ್ಕೆ ಹೊಂದಿಸಬೇಕಿತ್ತು. ನಡುನಡುವೆ ಕೈ ವಾಸಿಯಾಗಲೆಂದು ತಿಂಗಳುಗಟ್ಟಲೆ ಕಾಯಬೇಕಾಗುತ್ತಿತ್ತು. ಆದರೂ ಅವನು ಸೋಲಲಿಲ್ಲ. 1962ರಲ್ಲಿ ಟೈಗರ್ ಜೋನ್ಸ್‌ನನ್ನು ಸೋಲಿಸಿದ. ಏಳು ವರ್ಷದ ಹಿಂದೆ ಶುಗರ್ ರೇ ರಾಬಿನ್ಸನ್‌ನನ್ನೇ ಸೋಲಿಸಿದ್ದ ಅಮೆರಿಕನ್ ಈ ಜೋನ್ಸ್. ಉತ್ತುಂಗ ದಾಟಿದ್ದನಾದರೂ ಅಳತೆಗೆ ತಕ್ಕ ಎದುರಾಳಿ. ಅದೇ ವರ್ಷ ವಿಯೆನ್ನಾದಲ್ಲಿ ಡೆನ್ಮಾರ್ಕಿನ ಕ್ರಿಸ್ ಕ್ರಿಸ್ಟೆನ್ಸನ್‌ನಿಂದ ಯುರೋಪಿಯನ್ ಮಿಡ್ಲ್‌ವೇಟ್ ಪಟ್ಟ ಕಿತ್ತುಕೊಂಡ. ಆಮೇಲೆ ಆರು ಸಲ ಅದನ್ನು ಉಳಿಸಿಕೊಂಡ, ಹೆಚ್ಚಿನವು ಎದುರಾಳಿಯ ನೆಲದಲ್ಲೇ. 1963ರ ಡಿಸೆಂಬರಿನಲ್ಲಿ ಫ್ರಾಂಕೊನ ಮ್ಯಾಡ್ರಿಡ್‌ಗೆ ಹೋಗಿ, ಸ್ಪೇನಿನವರ ನೆಚ್ಚಿನ ಲೂಯಿಸ್ ಫೋಲೆದೊನನ್ನು ಅವರೆದುರೇ ಮಲಗಿಸಿ ಬಂದ. ಕಮ್ಯುನಿಸ್ಟ್ ಪಾಸ್‌ಪೋರ್ಟಿನವನು ಫ್ಯಾಸಿಸ್ಟ್ ರಾಜಧಾನಿಯಲ್ಲಿ ಹಣಕ್ಕಾಗಿ ಆಡಿ ಗೆದ್ದ ಆ ರಾತ್ರಿಯನ್ನು ಎರಡೂ ಕಡೆಯ ಸಿದ್ಧಾಂತಿಗಳು ಹೇಗೆ ಜೀರ್ಣಿಸಿಕೊಂಡರೋ.

ಅದೇ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಜೋಯಿ ಜಿಯಾರ್ಡೆಲ್ಲೊ, ನೈಜೀರಿಯಾದ ಡಿಕ್ ಟೈಗರ್‌ನನ್ನು ಸೋಲಿಸಿ ಮಿಡ್ಲ್‌ವೇಟ್ ವಿಶ್ವ ಚಾಂಪಿಯನ್ ಆದ. ಪಾಪ್ ವಿಶ್ವಪಟ್ಟಕ್ಕೆ ಸವಾಲೆಸೆಯುವ ಸರದಿಯಲ್ಲಿದ್ದ, ಜಿಯಾರ್ಡೆಲ್ಲೊ ಜತೆ ಪಂದ್ಯದ ಮಾತುಕತೆ ನಡೆಯಿತು. 1964ರ ಅಕ್ಟೋಬರಿನಲ್ಲಿ ವಿಯೆನ್ನಾದಲ್ಲಿ ಮಿಕ್ ಲೀಹಿಯನ್ನು ಸೋಲಿಸಿದ್ದು ಪಾಪ್‌ನ ಕೊನೆಯ ಪಂದ್ಯವೆಂದು ಆ ದಿನ ಅವನಿಗೂ ತಿಳಿದಿರಲಿಲ್ಲ. ಸರ್ಕಾರ ಅಪ್ಪಣೆಯನ್ನು ಹಿಂತೆಗೆದುಕೊಂಡಿತು. ಹಣಕ್ಕಾಗಿ ಬಡಿದಾಡುವುದು ಸಮಾಜವಾದದ ತತ್ತ್ವಗಳಿಗೆ ಹೊಂದುವುದಿಲ್ಲ ಎಂಬುದು ಕಾರಣ. ಏಳು ವರ್ಷ ಹೊಂದಿಕೊಂಡಿದ್ದದ್ದು, ವಿಶ್ವಪಟ್ಟ ಕೈಗೆ ಬರುವಂತಾದಾಗ ಹೊಂದದೆ ಹೋಯಿತು. 29 ಪಂದ್ಯ, 27 ಗೆಲುವು, 2 ಡ್ರಾ, ಸೋಲಿಲ್ಲ. ಇದು ಪಾಪ್‌ನ ವೃತ್ತಿಪರ ದಾಖಲೆ.

1965ರ ಮಾರ್ಚಿನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಬ್ಬ ವಿಲ್ಲಿ ಪಾಸ್ತ್ರಾನೊನನ್ನು ಸೋಲಿಸಿ ಲೈಟ್ ಹೆವಿವೇಟ್ ವಿಶ್ವ ಚಾಂಪಿಯನ್ ಆದ. ಅವನು ಹೊಸೆ ಟೊರೆಸ್, ಮೆಲ್ಬರ್ನ್‌ನಲ್ಲಿ ಪಾಪ್ ಕೈಯಲ್ಲಿ ಸೋತ ಹುಡುಗ.

ಪಾಪ್ ಜಿಯಾರ್ಡೆಲ್ಲೊನನ್ನು ಗೆಲ್ಲುತ್ತಿದ್ದನೇ? ಬಹಳ ಜನ ಖಂಡಿತ ಎನ್ನುತ್ತಾರೆ. ನನಗೆ ಅಷ್ಟು ಧೈರ್ಯವಿಲ್ಲ. ಅವನಿಗೆ ಮೂವತ್ತೆಂಟು ತುಂಬಿತ್ತು, ಕೈ ಹಳೆಯದು, ಜಿಯಾರ್ಡೆಲ್ಲೊ ಹೊಡೆತ ತಪ್ಪಿಸುವುದರಲ್ಲಿ ಜಾಣ. 1964ರ ಡಿಸೆಂಬರಿನಲ್ಲಷ್ಟೇ ರೂಬಿನ್ ಕಾರ್ಟರ್‌ನಂಥ ಬಿರುಸಿನವನನ್ನು 15 ಸುತ್ತು ಸತಾಯಿಸಿ ಗೆದ್ದಿದ್ದ. ಆದರೆ ಎಡಚರ ಎದುರು ಆಡುವ ಅಭ್ಯಾಸ ಅಂದಿನ ಅಮೆರಿಕನ್ನರಿಗೆ ಕಡಿಮೆ, ಪಾಪ್‌ನಷ್ಟು ತಾಳ್ಮೆಯ ಎಡಚ ಅಪರೂಪ. ಗೆಲುವು ಎರಡು ಕಡೆಗೂ ವಾಲಬಹುದಿತ್ತು. ವೈಲ್ಡ್ ನಂತರ ಸೆರ್ದಾನ್‌ನನ್ನು ನಾನು ಪಾಪ್‌ಗಿಂತ ಮೇಲಿಡುವುದು ಇದೇ ಕಾರಣಕ್ಕೆ. ಸೆರ್ದಾನ್ ತನ್ನ ಕಾಲದ ಅತ್ಯುತ್ತಮನನ್ನು ಅವನ ನೆಲದಲ್ಲೇ ಕೆಡವಿ ತೋರಿಸಿದ. ಕಾರ್ಪಾಂತಿಯೆ, ಶ್ಮೆಲಿಂಗ್, ಸ್ವೀಡನ್ನಿನ ಇಂಗೆಮಾರ್ ಯೊಹಾನ್ಸನ್ ಇವರೆಲ್ಲರೂ ಪಾಪ್‌ಗಿಂತ ಕೆಳಗೆ. ಅವರ ಒಂದೊಂದು ದೊಡ್ಡ ರಾತ್ರಿಗಿಂತ ಪಾಪ್‌ನ ಹದಿನಾರು ವರ್ಷದ ಆಟ ನನಗೆ ದೊಡ್ಡದಾಗಿ ಕಾಣುತ್ತದೆ.

ಉಕ್ರೇನಿನ ಒಲೆಕ್ಸಾಂದ್ರ್ ಉಸಿಕ್ ಈ ಲೆಕ್ಕವನ್ನು ಈಗ ಕಲಕಿದ್ದಾನೆ. 1987ರಲ್ಲಿ, ಸೋವಿಯತ್ ಒಕ್ಕೂಟ ಇನ್ನೂ ಇದ್ದಾಗ, ಕ್ರೈಮಿಯಾದ ಸಿಮ್ಫೆರೊಪೊಲ್‌ನಲ್ಲಿ ಹುಟ್ಟಿದವನು. ಪಾಪ್‌ನಂತೆಯೇ ಎಡಚ. 2012ರಲ್ಲಿ ಒಲಿಂಪಿಕ್ ಚಿನ್ನ, 2018ರಲ್ಲಿ ಕ್ರೂಸರ್‌ವೇಟ್‌ನ ನಾಲ್ಕೂ ಬೆಲ್ಟ್, 2024ರ ಮೇ ತಿಂಗಳಲ್ಲಿ ಟೈಸನ್ ಫ್ಯೂರಿಯನ್ನು ಸೋಲಿಸಿ ಹೆವಿವೇಟ್‌ನ ನಾಲ್ಕೂ ಬೆಲ್ಟ್. ಆ ದೊಡ್ಡ ಗೆಲುವುಗಳ ಊರುಗಳು ಲಂಡನ್, ಮಾಸ್ಕೋ, ರಿಯಾದ್. ನ್ಯೂಯಾರ್ಕನ್ನೇ ನೆಚ್ಚಿಕೊಳ್ಳದೆಯೂ ದೊಡ್ಡವನಾಗಬಹುದೆಂದು ಅವನಿಗಿಂತ ಮುಂಚೆ ಕ್ಲಿಚ್ಕೊ ಸೋದರರು ಜರ್ಮನಿಯ ಕ್ರೀಡಾಂಗಣಗಳನ್ನು ತುಂಬಿಸಿ ತೋರಿಸಿದ್ದರು. ಈಗ ಅಳೆಯುವ ಕೋಲು ಸೌದಿ ದುಡ್ಡಿನ ಕೈಯಲ್ಲಿದೆ. ಉಸಿಕ್‌ನನ್ನು ಸೆರ್ದಾನ್ ಪಕ್ಕದಲ್ಲಿ ಇಡುತ್ತೇನೆ, ಇನ್ನೂ ಮೇಲಕ್ಕೆ ಏರಿಸಬೇಕೆಂದು ಯಾರಾದರೂ ಹಟ ಹಿಡಿದರೆ ಹೆಚ್ಚು ವಾದಿಸಲಾರೆ.

ಪಾಪ್ ಎಪ್ಪತ್ತರ ದಶಕದ ಆರಂಭದಿಂದ 1992ರವರೆಗೆ ಹಂಗೇರಿ ತಂಡದ ತರಬೇತುದಾರನಾಗಿದ್ದ. ಅವನ ಕಾಲದಲ್ಲಿ ತಂಡದಲ್ಲಿ ಬೆಳೆದ ಇಸ್ತ್ವಾನ್ ಕೊವಾಚ್ 1991ರಲ್ಲಿ ಹವ್ಯಾಸಿ ವಿಶ್ವ ಚಾಂಪಿಯನ್ ಆದ, 1996ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ. ಆ ಹೊತ್ತಿಗೆ ಅಪ್ಪಣೆ ಕೇಳಬೇಕಾದ ಸರ್ಕಾರವೇ ಇರಲಿಲ್ಲ. ಕೊವಾಚ್ ವೃತ್ತಿಪರನಾಗಿ 2001ರ ಜನವರಿಯಲ್ಲಿ ಡಬ್ಲ್ಯುಬಿಒ ಫೆದರ್‌ವೇಟ್ ವಿಶ್ವಪಟ್ಟ ಪಡೆದ. ಅದೇ ವರ್ಷ ಅಂತಾರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಪಾಪ್‌ನನ್ನು ತನ್ನ ಸಾಲಿಗೆ ಸೇರಿಸಿಕೊಂಡಿತು. ಜೂನಿನಲ್ಲಿ ಕೊವಾಚ್ ತನ್ನ ಪಟ್ಟವನ್ನು ಪಣಕ್ಕಿಟ್ಟು ಬುಡಾಪೆಸ್ಟ್‌ನಲ್ಲೇ ರಿಂಗಿಗಿಳಿದ. ಅರ್ಜೆಂಟೀನಾದ ಹೂಲಿಯೊ ಪಾಬ್ಲೊ ಚಾಕೋನ್ ಅವನನ್ನು ಆರನೆಯ ಸುತ್ತಿನಲ್ಲಿ ಸೋಲಿಸಿದ.